ಅಯೋಟ: ಒಂದು ಅಕ್ಷರದ ಅಳತೆ

1

ಅಲ್ಪ ಪ್ರಮಾಣವನ್ನು ಸೂಚಿಸುವ ಶಬ್ದಗಳನ್ನು ಪ್ರತಿಯೊಂದು ಭಾಷೆಯೂ ತನ್ನನ್ನಾಡುವ ಜನರ ಬದುಕಿಗೆ ಹತ್ತಿರವಾದ ವಸ್ತುಗಳಿಂದಲೇ ಪಡೆದುಕೊಳ್ಳುತ್ತದೆ. ಹೊಲಗದ್ದೆಗಳ ನಡುವೆ ಬೆಳೆದ ಕನ್ನಡವು ಎಳ್ಳಷ್ಟು ಎನ್ನುತ್ತದೆ, ಸಾಸಿವೆಯಷ್ಟು ಎನ್ನುತ್ತದೆ. ಅಕ್ಕಸಾಲಿಗನ ತಕ್ಕಡಿಯಿಂದ ಗುಲಗಂಜಿಯನ್ನೂ ಅಡುಗೆಯ ಒಲೆಯ ಬದಿಯಿಂದ ಚಿಟಿಕೆಯನ್ನೂ ಎತ್ತಿಕೊಳ್ಳುತ್ತದೆ. ಸಂಸ್ಕೃತದಿಂದ ಬಂದ ಲವ ಎಂಬುದು ಕತ್ತರಿಸುವುದು ಎಂಬರ್ಥದ ಧಾತುವಿನಿಂದ ಹುಟ್ಟಿದ್ದು. ತೃಣಮಾತ್ರ ಎಂಬಲ್ಲಿ ಹುಲ್ಲಿನ ಎಸಳೊಂದು ಅಡಗಿದೆ. ಇಂಗ್ಲಿಷಿನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಅಲ್ಲಿಯ ಬಿಟ್ ಎಂದರೆ ಕಚ್ಚಿ ತೆಗೆದ ತುಣುಕು. ಗ್ರೇನ್ ಎಂದರೆ ಕಾಳು. ಸಿಂಟಿಲ ಎಂದರೆ ಲ್ಯಾಟಿನ್ ಭಾಷೆಯ ಕಿಡಿ. ಮೈಟ್ ಎಂಬುದು ಹಿಂದೆ ಫ್ಲಾಂಡರ್ಸ್ ನಾಡಿನಲ್ಲಿ ಚಲಾವಣೆಯಲ್ಲಿದ್ದ ಅತ್ಯಲ್ಪ ಬೆಲೆಯ ನಾಣ್ಯ. ಕಾಳು, ಕಿಡಿ, ತುಣುಕು, ಕಾಸು ಎಂಬ ಈ ನಾಲ್ಕು ಬಗೆಗಳಲ್ಲಿ ಲೋಕದ ಬಹುಪಾಲು ಅಲ್ಪಾರ್ಥಕಗಳು ಅಡಕವಾಗಿವೆ ಎನ್ನಬಹುದು.

ಈ ಗುಂಪಿನಲ್ಲಿ ಸೇರಿಯೂ ಸೇರದಂತೆ ನಿಂತಿರುವ ಇಂಗ್ಲಿಷ್ ಶಬ್ದವೊಂದಿದೆ. ಅದು ಅಯೋಟ. ಇದು ಕಾಳಲ್ಲ, ಕಿಡಿಯಲ್ಲ, ನಾಣ್ಯವೂ ಅಲ್ಲ. ಇದೊಂದು ಅಕ್ಷರದ ಹೆಸರು. ಗ್ರೀಕ್ ವರ್ಣಮಾಲೆಯ ಒಂಬತ್ತನೆಯ ಅಕ್ಷರವಾದ ಇಯೋಟವೇ ಇಂಗ್ಲಿಷಿನಲ್ಲಿ ಅಯೋಟ ಎಂಬ ಉಚ್ಚಾರವನ್ನು ಪಡೆದು, ಅತ್ಯಂತ ಸಣ್ಣ ಅಂಶ ಎಂಬ ಅರ್ಥದಲ್ಲಿ ನೆಲೆಗೊಂಡಿದೆ. ಅಕ್ಷರವನ್ನು ಅಳತೆಯ ಮಾನವಾಗಿ ಬಳಸುವ ಕಲ್ಪನೆ ಹೊಲದಲ್ಲಾಗಲಿ ಸಂತೆಯಲ್ಲಾಗಲಿ ಹುಟ್ಟುವಂಥದಲ್ಲ. ಗ್ರಂಥವನ್ನು ಬಾಳಿನ ಆಧಾರವೆಂದು ನಂಬಿದ, ಆ ಗ್ರಂಥವನ್ನು ಕೈಯಿಂದ ಪ್ರತಿಮಾಡಿ ಉಳಿಸಿಕೊಂಡು ಬಂದ ಜನರ ನಡುವೆ ಮಾತ್ರ ಅದು ಹುಟ್ಟಬಲ್ಲದು. ಆದ್ದರಿಂದಲೇ ಈ ಶಬ್ದದ ಚರಿತ್ರೆ ಒಂದು ನಿಘಂಟಿನ ಟಿಪ್ಪಣಿಯಲ್ಲಿ ಮುಗಿಯುವುದಿಲ್ಲ. ಲಿಪಿ, ಧರ್ಮ, ಕಾನೂನು, ತತ್ತ್ವಜಿಜ್ಞಾಸೆಗಳ ಚರಿತ್ರೆಯೂ ಅದರೊಡನೆ ಹೆಣೆದುಕೊಂಡಿದೆ. ಅಕ್ಷರವನ್ನೇ ವೃತ್ತಿಯಾಗಿಸಿಕೊಂಡ ಭಾಷಾವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರವಾದ ಶಬ್ದ ಇನ್ನೊಂದಿರಲಾರದು.

2

ಗ್ರೀಕರು ತಮ್ಮ ಲಿಪಿಯನ್ನು ಫಿನೀಷಿಯನ್ ವ್ಯಾಪಾರಿಗಳಿಂದ ಪಡೆದರೆಂಬುದು ಸುವಿದಿತ. ಫಿನೀಷಿಯನ್ ಲಿಪಿಯ ಯೋದ್ ಎಂಬ ಅಕ್ಷರವೇ ಗ್ರೀಕಿನಲ್ಲಿ ಇಯೋಟವಾಯಿತು. ಯೋದ್ ಎಂಬ ಹೆಸರು ಕೈ ಎಂಬರ್ಥದ ಸೆಮಿಟಿಕ್ ಶಬ್ದಕ್ಕೆ ಸಂಬಂಧಿಸಿದ್ದು. ಮೂಲದಲ್ಲಿ ಯಕಾರ ವ್ಯಂಜನವನ್ನು ಸೂಚಿಸುತ್ತಿದ್ದ ಈ ಅಕ್ಷರವನ್ನು ಗ್ರೀಕರು ಇಕಾರ ಸ್ವರಕ್ಕೆ ಬಳಸಿಕೊಂಡರು. ಕಾಲಕ್ರಮದಲ್ಲಿ ಅದು ಒಂದೇ ಒಂದು ನೇರ ಗೆರೆಯಾಗಿ ನಿಂತಿತು. ಯ ಮತ್ತು ಇ ಧ್ವನಿಗಳ ನಡುವಣ ಈ ನೆಂಟಸ್ತಿಕೆ ಯಣ್ ಸಂಧಿಯನ್ನೂ ಯಕಾರಾಗಮವನ್ನೂ ಬಲ್ಲ ಕನ್ನಡ ವಿದ್ಯಾರ್ಥಿಗೆ ಹೊಸತೆನಿಸದು.

ಅತ್ತ ಹೀಬ್ರೂ ಭಾಷೆಯ ಚೌಕಲಿಪಿಯಲ್ಲಿಯೂ ಯೋದ್ ಎಲ್ಲ ಅಕ್ಷರಗಳಿಗಿಂತ ಚಿಕ್ಕದು. ಸಾಲಿನ ಮೇಲ್ಭಾಗದಲ್ಲಿ ತೂಗಿದಂತಿರುವ ಒಂದು ಕೊಕ್ಕೆಯಷ್ಟೇ ಅದರ ಆಕಾರ. ಅದರ ತುದಿಯ ಮೊನೆಯನ್ನು ಯೆಹೂದ್ಯ ವಿದ್ವಾಂಸರು ಯೋದ್‌ನ ಮುಳ್ಳು ಎಂದು ಕರೆದರು. ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಬರೆಯುವ ಲಿಪಿಕಾರನು ಇಂತಹ ಒಂದು ಯೋದ್ ಬಿಟ್ಟರೂ ಆ ಸುರುಳಿ ತಿದ್ದುಪಡಿಯಾಗುವವರೆಗೆ ಸಾರ್ವಜನಿಕ ಪಾರಾಯಣಕ್ಕೆ ಯೋಗ್ಯವಲ್ಲವೆಂಬುದು ಅಲ್ಲಿಯ ವಿಧಿ. ಸಣ್ಣದೆಂದು ಕಡೆಗಣಿಸಬಾರದೆಂಬ ಕಟ್ಟಳೆ ಹೀಗೆ ಅಕ್ಷರದ ಗಾತ್ರಕ್ಕೂ ಅದರ ಗೌರವಕ್ಕೂ ಸಂಬಂಧವಿಲ್ಲವೆಂದು ಸಾರುತ್ತದೆ.

ಈ ಹಿನ್ನೆಲೆಯಿಲ್ಲದೆ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ ಹದಿನೆಂಟನೆಯ ವಚನದ ಸ್ವಾರಸ್ಯ ತಿಳಿಯದು. ಧರ್ಮಶಾಸ್ತ್ರದ ಅತಿ ಚಿಕ್ಕ ಅಕ್ಷರವಾಗಲಿ, ಅಕ್ಷರದ ಒಂದು ಮೊನೆಯಾಗಲಿ ಲೋಕವಿರುವ ತನಕ ಅಳಿಯದು ಎಂಬುದು ಅಲ್ಲಿಯ ಉಪದೇಶದ ತಾತ್ಪರ್ಯ. ಯೇಸುವು ಆಡಿದ ಮಾತು ಅರಮಾಯಿಕ್ ಭಾಷೆಯದು. ಆತನ ಮನಸ್ಸಿನಲ್ಲಿದ್ದುದು ಯೋದ್. ಸುವಾರ್ತೆಯನ್ನು ಬರೆದುದು ಗ್ರೀಕಿನಲ್ಲಾದ್ದರಿಂದ ಯೋದ್‌ನ ಸ್ಥಾನದಲ್ಲಿ ಇಯೋಟ ಬಂದಿತು. ಅದರ ಜೊತೆಗೆ ಬಂದ ಇನ್ನೊಂದು ಗ್ರೀಕ್ ಶಬ್ದ ಕೆರೈಯ. ಅದಕ್ಕೆ ಪುಟ್ಟ ಕೊಂಬು ಎಂದು ಅರ್ಥ. ಅಕ್ಷರದಿಂದ ಹೊರಚಾಚಿದ ಕಿರುಗೆರೆಗೆ ಅದು ಹೆಸರಾಯಿತು. ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯದಲ್ಲಿ ಇದೇ ಆಶಯ ಬರುವಾಗ ಇಯೋಟವಿಲ್ಲ, ಆ ಪುಟ್ಟ ಕೊಂಬು ಮಾತ್ರ ಇದೆ.

3

ಗ್ರೀಕಿನಿಂದ ಲ್ಯಾಟಿನ್ನಿಗೆ ಬಂದಾಗ ಇಯೋಟ ಹಾಗೆಯೇ ಉಳಿಯಿತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ವಿಕ್ಲಿಫ್ ಮತ್ತು ಆತನ ಸಂಗಡಿಗರು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ತಂದ ಅನುವಾದದಲ್ಲಿ ಅಕ್ಷರದ ಹೆಸರನ್ನು ಹೇಳದೆ ಒಂದು ಅಕ್ಷರ ಎಂದು ಸಾಮಾನ್ಯವಾಗಿ ಹೇಳಲಾಗಿತ್ತು. 1526ರಲ್ಲಿ ವಿಲಿಯಂ ಟಿಂಡೇಲನು ಗ್ರೀಕ್ ಮೂಲದಿಂದಲೇ ಅನುವಾದಿಸಿದಾಗ ಆ ಹೆಸರನ್ನು ಉಳಿಸಿಕೊಂಡನು. ಆ ಕಾಲದ ಇಂಗ್ಲಿಷ್ ಲಿಪಿಯಲ್ಲಿ ಐ ಮತ್ತು ಜೆ ಎಂಬುವು ಬೇರೆ ಬೇರೆ ಅಕ್ಷರಗಳಾಗಿರಲಿಲ್ಲ. ಇಯೋಟ ಎಂಬುದರ ಕಿರಿದಾದ ರೂಪವು ಜಕಾರದ ಉಚ್ಚಾರವನ್ನು ಪಡೆದು ಜಾಟ್ ಎಂದಾಯಿತು. ಕೆರೈಯಕ್ಕೆ ಪ್ರತಿಯಾಗಿ ಟಿಟಲ್ ಎಂಬ ಶಬ್ದ ಬಂದಿತು. 1611ರ ಅಧಿಕೃತ ಭಾಷಾಂತರವು ಈ ಜೋಡಿಯನ್ನು ಸ್ಥಿರಗೊಳಿಸಿತು. ಜಾಟ್ ಮತ್ತು ಟಿಟಲ್ ಎಂಬುದು ಇಂಗ್ಲಿಷಿನ ನುಡಿಗಟ್ಟಾಗಿ ಉಳಿಯಿತು.

ಹೀಗೆ ಒಂದೇ ಗ್ರೀಕ್ ಶಬ್ದ ಇಂಗ್ಲಿಷಿನಲ್ಲಿ ಇಬ್ಬರು ಮಕ್ಕಳನ್ನು ಪಡೆಯಿತು. ಮನೆಯಲ್ಲಿ ಬೆಳೆದ ಮಗು ಜಾಟ್. ಪಂಡಿತರ ಕೈಹಿಡಿದು ಹದಿನೇಳನೆಯ ಶತಮಾನದ ಮೊದಲರ್ಧದಲ್ಲಿ ಅಲ್ಪಾಂಶ ಎಂಬ ಅರ್ಥದೊಡನೆ ಬಳಕೆಗೆ ಬಂದ ಮಗು ಅಯೋಟ. ಕನ್ನಡದ ಪರಿಭಾಷೆಯಲ್ಲಿ ಹೇಳುವುದಾದರೆ ಒಂದು ತದ್ಭವ, ಇನ್ನೊಂದು ತತ್ಸಮ. ಸೊನ್ನೆ ಮತ್ತು ಶೂನ್ಯ ಎರಡನ್ನೂ ಇಟ್ಟುಕೊಂಡು ಎರಡಕ್ಕೂ ಬೇರೆ ಬೇರೆ ಕೆಲಸ ಕೊಟ್ಟ ಕನ್ನಡಿಗರಿಗೆ ಈ ಹಂಚಿಕೆ ಪರಿಚಿತವೇ ಆಗಿದೆ. ಜಾಟ್ ಎಂಬುದು ಹದಿನೆಂಟನೆಯ ಶತಮಾನದಲ್ಲಿ ಕ್ರಿಯಾಪದವೂ ಆಗಿ, ಚುಟುಕಾಗಿ ಗುರುತು ಹಾಕಿಕೊಳ್ಳುವುದು ಎಂಬರ್ಥವನ್ನು ಪಡೆಯಿತು. ಗ್ರಂಥಾಲಯದಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವ ವಿದ್ಯಾರ್ಥಿಯ ಕೆಲಸಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ಹೀಬ್ರೂವಿನ ಅತಿ ಚಿಕ್ಕ ಅಕ್ಷರದಿಂದ ಬಂದಿದೆಯೆಂಬುದು ಗಮನಾರ್ಹ.

ಟಿಟಲ್ ಎಂಬುದರ ಚರಿತ್ರೆಯೂ ಕಡಮೆಯದಲ್ಲ. ಮಧ್ಯಯುಗದ ಲ್ಯಾಟಿನ್ ಕೈಬರಹದಲ್ಲಿ ಎಮ್, ಎನ್, ಯು, ಐ ಎಂಬ ಅಕ್ಷರಗಳೆಲ್ಲ ಒಂದೇ ಬಗೆಯ ಕಿರಿಯ ನೇರಗೆರೆಗಳಿಂದ ಆಗಿದ್ದುವು. ಅವು ಸಾಲಾಗಿ ಬಂದಾಗ ಎಲ್ಲಿ ಯಾವುದು ಮುಗಿಯಿತೆಂದು ತಿಳಿಯುವುದು ಕಷ್ಟವಾಗುತ್ತಿತ್ತು. ಐ ಅಕ್ಷರವನ್ನು ಗುರುತಿಸಲೆಂದು ಅದರ ನೆತ್ತಿಯ ಮೇಲೆ ಹಾಕಿದ ಗೀಟು ಮುಂದೆ ಚುಕ್ಕಿಯಾಯಿತು. ಟಿಟಲ್ ಎಂಬ ಹೆಸರು ಆ ಚುಕ್ಕಿಗೂ ಅಂಟಿಕೊಂಡಿತು. ಕೇವಲ ಓದುಗನ ಅನುಕೂಲಕ್ಕೆ ಹುಟ್ಟಿದ ಈ ಚುಕ್ಕಿ ಅರ್ಥವನ್ನೇ ಬದಲಿಸುವ ಶಕ್ತಿಯನ್ನು ಪಡೆದ ಭಾಷೆಯೂ ಉಂಟು. 1928ರಲ್ಲಿ ರೋಮನ್ ಲಿಪಿಯನ್ನು ಒಪ್ಪಿಕೊಂಡ ತುರ್ಕಿ ಭಾಷೆಯಲ್ಲಿ ಚುಕ್ಕಿಯುಳ್ಳ ಐ ಮತ್ತು ಚುಕ್ಕಿಯಿಲ್ಲದ ಐ ಎರಡು ಪ್ರತ್ಯೇಕ ಸ್ವರಗಳು.

4

ಅತಿ ಸಣ್ಣ ಅಕ್ಷರವನ್ನು ಕುರಿತು ಯೆಹೂದ್ಯ ಪರಂಪರೆಯಲ್ಲಿ ಬೆಳೆದುಬಂದ ಎರಡು ಕಥನಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡುವುದು ಇಲ್ಲಿ ಅಗತ್ಯ.

ಮೊದಲನೆಯದು ತಾಲ್ಮೂದಿನ ಕಾಲದ್ದು. ಅಬ್ರಹಾಮನ ಪತ್ನಿಯ ಮೊದಲ ಹೆಸರು ಸಾರಯ; ದೇವರು ಆ ಹೆಸರನ್ನು ಸಾರ ಎಂದು ಬದಲಿಸಿದನು. ಹೀಬ್ರೂ ಬರವಣಿಗೆಯಲ್ಲಿ ಇದರಿಂದ ಹೆಸರಿನ ಕೊನೆಯ ಯೋದ್ ಹೊರಬಿದ್ದಿತು. ನೆಲೆ ತಪ್ಪಿದ ಆ ಯೋದ್ ದೇವರ ಮುಂದೆ ಹೋಗಿ ಬಹುಕಾಲ ಗೋಳಾಡಿತಂತೆ. ಕೊನೆಗೆ ದೇವರು ಅದನ್ನು ಹೋಶೇಯನೆಂಬಾತನ ಹೆಸರಿನ ಮೊದಲಿಗೆ ಸೇರಿಸಿದನು, ಹೋಶೇಯನು ಯೆಹೋಶುವನಾದನು. ಒಬ್ಬಳು ಹೆಂಗಸಿನ ಹೆಸರಿನ ಕೊನೆಯಲ್ಲಿದ್ದ ಅಕ್ಷರ ಜನಾಂಗವೊಂದನ್ನು ಮುನ್ನಡೆಸಿದವನ ಹೆಸರಿನ ತಲೆಯಲ್ಲಿ ನಿಂತಿತು. ಯಾವ ಅಕ್ಷರವೂ ವ್ಯರ್ಥವಲ್ಲ, ಕಳೆದದ್ದಕ್ಕೂ ಒಂದು ನೆಲೆ ದೊರೆಯುತ್ತದೆ ಎಂಬ ಭರವಸೆ ಈ ಕಥೆಯದು.

ಎರಡನೆಯದು ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದ್ದು. ರಷ್ಯಾ ಸಾಮ್ರಾಜ್ಯದಲ್ಲಿ ಬಾಳಿದ ಹೀಬ್ರೂ ಕವಿ ಯೆಹುದಾ ಲೇಬ್ ಗೋರ್ಡನ್ ಯೋದ್‌ನ ಮುಳ್ಳು ಎಂಬರ್ಥದ ಹೆಸರಿನಲ್ಲಿಯೇ ಒಂದು ಕಥನಕಾವ್ಯವನ್ನು ಬರೆದನು. ಗಂಡ ಬಿಟ್ಟುಹೋದ ತರುಣಿಯೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ದುಡಿದು ಬದುಕುತ್ತಾಳೆ. ಅವಳನ್ನು ಮೆಚ್ಚಿ ಕೈಹಿಡಿಯಲು ಬಂದವನೊಬ್ಬನಿದ್ದಾನೆ. ದೂರದ ಗಂಡನಿಂದ ವಿಚ್ಛೇದನ ಪತ್ರವೂ ಬರುತ್ತದೆ. ಆದರೆ ಆ ಪತ್ರದಲ್ಲಿ ಗಂಡನ ಹೆಸರನ್ನು ಒಂದು ಯೋದ್ ಇಲ್ಲದೆ ಬರೆಯಲಾಗಿದೆಯೆಂದು ಧರ್ಮಾಧಿಕಾರಿಯು ಅದನ್ನು ಅಸಿಂಧುವೆಂದು ಸಾರುತ್ತಾನೆ. ಗಂಡನು ಮತ್ತೆ ಸಿಗುವುದಿಲ್ಲ. ಅವಳ ಬಾಳು ಬಡತನದಲ್ಲಿ ಮುಗಿಯುತ್ತದೆ. ಮೊದಲ ಕಥೆಯಲ್ಲಿ ಕಣ್ಣೀರಿಟ್ಟದ್ದು ಅಕ್ಷರ. ಇಲ್ಲಿ ಕಣ್ಣೀರಿಟ್ಟದ್ದು ಮನುಷ್ಯಜೀವ. ಅಕ್ಷರನಿಷ್ಠೆಯು ಗ್ರಂಥವನ್ನು ಕಾಯಬಲ್ಲದು, ಬಾಳನ್ನು ಮುರಿಯಲೂಬಲ್ಲದು ಎಂಬ ಎಚ್ಚರವನ್ನು ಗೋರ್ಡನ್‌ನ ಕಾವ್ಯದಷ್ಟು ನಿಷ್ಠುರವಾಗಿ ಕೊಡುವ ಕೃತಿಗಳು ವಿರಳ.

ಇವೆರಡರ ನಡುವೆ ನಿಲ್ಲುವ ಮೂರನೆಯ ನಿದರ್ಶನವು ಇಂಗ್ಲಿಷ್ ನಾಟಕದ್ದು. ಷೇಕ್ಸ್‌ಪಿಯರನ ವೆನಿಸಿನ ವರ್ತಕ ನಾಟಕದ ನ್ಯಾಯಾಲಯದ ದೃಶ್ಯದಲ್ಲಿ ಪೋರ್ಷಿಯಳು ಕರಾರುಪತ್ರದ ಅಕ್ಷರವನ್ನೇ ಹಿಡಿದು, ಮಾಂಸಕ್ಕೆ ಅವಕಾಶವುಂಟು, ರಕ್ತಕ್ಕಿಲ್ಲ ಎಂದು ವಾದಿಸುವಾಗ ಬಳಸುವ ಶಬ್ದ ಜಾಟ್. ಕಾನೂನಿನ ಅಕ್ಷರದಿಂದ ಬಂದ ಆಪತ್ತು ಅದೇ ಅಕ್ಷರದ ಇನ್ನಷ್ಟು ಬಿಗಿಯಾದ ಓದಿನಿಂದ ನಿವಾರಣೆಯಾಗುತ್ತದೆ. ಆದರೆ ಆ ಓದಿನಿಂದ ಉಳಿದವನೊಬ್ಬ, ಅಳಿದವನೊಬ್ಬ ಎಂಬುದನ್ನೂ ಮರೆಯುವಂತಿಲ್ಲ.

5

ಅಯೋಟ ಎಂಬ ಶಬ್ದವನ್ನು ಕುರಿತು ಪ್ರಚಾರದಲ್ಲಿರುವ ಒಂದು ವಿವರಣೆಯನ್ನು ಪರಿಶೀಲಿಸಬೇಕು. ನಾಲ್ಕನೆಯ ಶತಮಾನದ ಕ್ರೈಸ್ತ ಸಭೆಯಲ್ಲಿ ನಡೆದ ಮಹಾವಿವಾದದಿಂದ ಈ ನುಡಿಗಟ್ಟು ಹುಟ್ಟಿತೆಂದು ಹೇಳುವುದುಂಟು. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ನೈಸೀಯದಲ್ಲಿ ಕರೆದ ಸಭೆಯು ಏರಿಯಸನ ಮತವನ್ನು ಖಂಡಿಸಿ, ಕ್ರಿಸ್ತನು ಪಿತೃವಿನೊಡನೆ ಏಕತತ್ತ್ವನು ಎಂದು ಸಾರಲು ಹೊಮೊಊಸಿಯೋಸ್ ಎಂಬ ಗ್ರೀಕ್ ಪದವನ್ನು ಬಳಸಿತು. ಮುಂದೆ ಆ ಶತಮಾನದ ಮಧ್ಯಭಾಗದಲ್ಲಿ ಇನ್ನೊಂದು ಪಂಥದವರು ಏಕತತ್ತ್ವ ಎನ್ನದೆ ಸದೃಶತತ್ತ್ವ ಎನ್ನುವುದೇ ಯುಕ್ತವೆಂದು ಹೊಮೊಇಊಸಿಯೋಸ್ ಎಂಬ ಪದವನ್ನು ಎತ್ತಿಹಿಡಿದರು. ಬರವಣಿಗೆಯಲ್ಲಿ ಇವೆರಡಕ್ಕೂ ಇರುವ ಅಂತರ ಒಂದು ಇಯೋಟ ಮಾತ್ರ. ಒಂದು ಸಂಧ್ಯಕ್ಷರಕ್ಕಾಗಿ ನಡೆದ ಈ ಹೋರಾಟವನ್ನು ಲೋಕದ ಜನ ಗೇಲಿಮಾಡುತ್ತ ಬಂದುದನ್ನು ರೋಮ್ ಸಾಮ್ರಾಜ್ಯದ ಪತನದ ಚರಿತ್ರೆಯನ್ನು ಬರೆದ ಗಿಬ್ಬನ್ ದಾಖಲಿಸಿದ್ದಾನೆ.

ಕಥೆ ಆಕರ್ಷಕವಾದರೂ ವ್ಯುತ್ಪತ್ತಿಯಾಗಿ ಇದು ನಿಲ್ಲುವುದಿಲ್ಲ. ಮತ್ತಾಯನ ಸುವಾರ್ತೆ ನೈಸೀಯದ ಸಭೆಗಿಂತ ಎರಡು ಶತಮಾನಗಳಿಗೂ ಹಿಂದಿನದು. ಅಲ್ಲಿ ಇಯೋಟ ಆಗಲೇ ಅಲ್ಪತೆಯ ಸಂಕೇತವಾಗಿತ್ತು. ಇಂಗ್ಲಿಷಿನ ಬಳಕೆ ಬಂದದ್ದು ಬೈಬಲಿನ ವಚನದಿಂದಲೇ ಹೊರತು ಸಭೆಯ ವಾಗ್ವಾದದಿಂದಲ್ಲ. ಒಂದು ಶಬ್ದಕ್ಕೆ ಸೊಗಸಾಗಿ ಹೊಂದುವ ಕಥೆಯೆಲ್ಲ ಅದರ ಹುಟ್ಟಿನ ಕಥೆಯಾಗಬೇಕಾಗಿಲ್ಲವೆಂಬ ನಿರುಕ್ತಶಾಸ್ತ್ರದ ಮೊದಲ ಪಾಠಕ್ಕೆ ಇದು ಒಳ್ಳೆಯ ಉದಾಹರಣೆ.

ಆದರೂ ಆ ವಿವಾದ ಈ ಶಬ್ದದ ಅರ್ಥಕ್ಕೆ ಒಂದು ಆಳವನ್ನು ತಂದಿದೆ. ಗೇಲಿಮಾಡಿದವರು ಗೆರೆಯನ್ನು ನೋಡಿದರು, ಅರ್ಥವನ್ನು ನೋಡಲಿಲ್ಲ. ಒಂದೇ ಎನ್ನುವುದಕ್ಕೂ ಒಂದರಂತೆ ಎನ್ನುವುದಕ್ಕೂ ಇರುವ ಅಂತರ ಎಷ್ಟೆಂಬುದು ಅದ್ವೈತ, ವಿಶಿಷ್ಟಾದ್ವೈತ, ದ್ವೈತಗಳ ನೆಲದಲ್ಲಿ ಬೆಳೆದವರಿಗೆ ವಿವರಿಸಬೇಕಾದ ಸಂಗತಿಯಲ್ಲ. ಇನ್ನೊಂದು ಮಾತನ್ನೂ ಇಲ್ಲಿ ನೆನೆಯಬೇಕು. ಹೊಮೊಊಸಿಯೋಸ್ ಪಕ್ಷದ ಅಗ್ರಗಣ್ಯನಾದ ಅಥನೇಸಿಯಸನು, ಉಳಿದೆಲ್ಲವನ್ನೂ ಒಪ್ಪಿ ಆ ಒಂದು ಪದದ ಬಗ್ಗೆ ಮಾತ್ರ ಸಂದೇಹಪಡುವವರನ್ನು ಶತ್ರುಗಳೆಂದಲ್ಲ, ಸೋದರರೆಂದೇ ಕಾಣಬೇಕೆಂದು ಬರೆದನು. ಅಕ್ಷರಕ್ಕಾಗಿ ಬದುಕಿನುದ್ದಕ್ಕೂ ಹೋರಾಡಿದವನೇ ಅಕ್ಷರದಾಚೆಯ ಸ್ನೇಹವನ್ನು ಕಂಡದ್ದು ಗಮನಿಸತಕ್ಕ ವಿಷಯ. 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೊತ್ತಿಗೆ ಆ ವಿವಾದ ಬಹುಮಟ್ಟಿಗೆ ಶಮನಗೊಂಡಿತು.

6

ಅಯೋಟದ ಬಳಕೆಯಲ್ಲಿ ಎರಡು ವಿಶೇಷಗಳಿವೆ. ಮೊದಲನೆಯದಾಗಿ, ಅದು ಅಡುಗೆಮನೆಗೆ ಹೋಗುವುದಿಲ್ಲ. ಚಿಟಿಕೆ ಉಪ್ಪು ಎನ್ನುವಂತೆ ಅಯೋಟ ಉಪ್ಪು ಎಂದು ಇಂಗ್ಲಿಷರು ಹೇಳರು. ಸತ್ಯ, ಸಾಕ್ಷ್ಯ, ಸಂದೇಹ, ಪಶ್ಚಾತ್ತಾಪ ಮೊದಲಾದ ಅಮೂರ್ತ ಸಂಗತಿಗಳಿಗೇ ಅದು ಸಲ್ಲುತ್ತದೆ. ಧರ್ಮಶಾಸ್ತ್ರದ ಗ್ರಂಥದಲ್ಲಿ ಹುಟ್ಟಿದ ಶಬ್ದ ನ್ಯಾಯ ನಿರ್ಣಯಗಳ ಆವರಣವನ್ನು ಇನ್ನೂ ಬಿಟ್ಟಿಲ್ಲ. ಎರಡನೆಯದಾಗಿ, ಅದು ನಿಷೇಧವಾಕ್ಯದಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಸುವಾರ್ತೆಯ ವಚನವೇ ನಿಷೇಧರೂಪದ್ದು. ಇರುವುದನ್ನು ಅಳೆಯುವುದಕ್ಕಿಂತ ಇಲ್ಲದ್ದನ್ನು ಒತ್ತಿಹೇಳುವುದಕ್ಕೆ ಅಲ್ಪಾರ್ಥಕಗಳು ಬೇಕಾಗುತ್ತವೆ.

ಇದು ಇಂಗ್ಲಿಷಿಗೆ ಮಾತ್ರ ಸೀಮಿತವಾದ ಪ್ರವೃತ್ತಿಯಲ್ಲ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ 1917ರಲ್ಲಿ ನಿಷೇಧವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಇದರ ಹಲವು ಮುಖಗಳನ್ನು ಚರ್ಚಿಸಿದ್ದಾನೆ. ಫ್ರೆಂಚಿನ ನಿಷೇಧಪದವಾದ ಪಾ ಎಂಬುದು ಮೂಲದಲ್ಲಿ ಹೆಜ್ಜೆ. ಒಂದು ಹೆಜ್ಜೆಯನ್ನೂ ಇಡೆನು ಎಂಬಲ್ಲಿಂದ ಹೊರಟು ಅದು ಕೇವಲ ನಿಷೇಧವಾಗಿಬಿಟ್ಟಿತು. ಇಂಗ್ಲಿಷಿನ ನಾಟ್ ಎಂಬ ನಿಷೇಧಪದವೂ ಹೀಗೆಯೇ ಬಂದದ್ದು. ಹಳೆಯ ಇಂಗ್ಲಿಷಿನಲ್ಲಿ ವಿಹ್ಟ್ ಎಂದರೆ ಒಂದು ವಸ್ತು, ಒಂದು ಜೀವಿ. ಅದೇ ಇಂದಿನ ವಿಟ್ ಎಂಬ ಅಲ್ಪಾರ್ಥಕ. ಅದರ ಹಿಂದೆ ನಿಷೇಧವನ್ನು ಸೂಚಿಸುವ ಅಂಶ ಸೇರಿ ಯಾವ ವಸ್ತುವೂ ಇಲ್ಲ ಎಂಬರ್ಥದ ಪದವಾಗಿ, ಸವೆದು ಸವೆದು ನಾಟ್ ಆಯಿತು. ಅಂದರೆ ಇಂಗ್ಲಿಷಿನವನು ಅಲ್ಲ ಎಂದಾಗಲೆಲ್ಲ ತನಗರಿವಿಲ್ಲದೆಯೇ ಎಳ್ಳಷ್ಟೂ ಇಲ್ಲ ಎನ್ನುತ್ತಿದ್ದಾನೆ.

ಕನ್ನಡದಲ್ಲಿ ಈ ಕೆಲಸವನ್ನು ಒಂದು ಸ್ವರವೇ ಮಾಡಿಕೊಡುತ್ತದೆ. ಎಳ್ಳಷ್ಟು ಎಂಬುದು ಕೇವಲ ಪ್ರಮಾಣ; ಎಳ್ಳಷ್ಟೂ ಎಂದೊಡನೆ ಕೇಳುಗನು ಇಲ್ಲ ಎಂಬ ಮಾತನ್ನು ನಿರೀಕ್ಷಿಸುತ್ತಾನೆ. ಕಿಂಚಿತ್ತೂ, ಲವಲೇಶವೂ, ಕೂದಲೆಳೆಯಷ್ಟೂ ಎಂಬಲ್ಲಿಯೂ ಹಾಗೆಯೇ. ಸಮುಚ್ಚಯಾರ್ಥದ ಊಕಾರ ಬಂದು ಸೇರಿದ ಕೂಡಲೆ ವಾಕ್ಯದ ಗತಿಯೇ ಬದಲಾಗುತ್ತದೆ. ಅಲ್ಪವನ್ನು ಹೇಳುವ ಪದದ ತುದಿಯಲ್ಲಿ ಅದಕ್ಕಿಂತಲೂ ಅಲ್ಪವಾದ ದೀರ್ಘದ ಮೇಲೆ ಇಡೀ ಅರ್ಥ ನಿಂತಿರುತ್ತದೆ.

ಇದೇ ಯೆಸ್ಪರ್ಸನ್ 1922ರಲ್ಲಿ ಇಕಾರ ಸ್ವರದ ಸಾಂಕೇತಿಕ ಬೆಲೆಯನ್ನು ಕುರಿತು ಒಂದು ಲೇಖನವನ್ನು ಬರೆದನು. ಸಣ್ಣದನ್ನು ಹೇಳುವ ಪದಗಳಲ್ಲಿ ಇಕಾರವು ಹೆಚ್ಚಾಗಿ ಬರುವುದೆಂದು ಹಲವು ಭಾಷೆಗಳಿಂದ ಉದಾಹರಿಸಿದನು. 1929ರಲ್ಲಿ ಎಡ್ವರ್ಡ್ ಸಪೀರ್ ನಡೆಸಿದ ಪ್ರಯೋಗದಲ್ಲಿ, ಅರ್ಥವಿಲ್ಲದ ಮಿಲ್ ಮತ್ತು ಮಲ್ ಎಂಬೆರಡು ಶಬ್ದಗಳಲ್ಲಿ ಯಾವುದು ದೊಡ್ಡ ಮೇಜು ಎಂದು ಕೇಳಿದಾಗ ಹೆಚ್ಚಿನವರು ಮಲ್ ಎಂದರು. ಕನ್ನಡದ ಕಿರಿದು, ಚಿಕ್ಕದು, ಚಿಟಿಕೆ, ಇನಿತು, ಕಿಂಚಿತ್ ಎಂಬುವನ್ನು ನೋಡಿದರೆ ಈ ಅಭಿಪ್ರಾಯ ನಿಜವೆನಿಸುತ್ತದೆ. ಆದರೆ ಕಿರಿದರ ಪಕ್ಕದಲ್ಲಿಯೇ ಹಿರಿದು ಇದೆ. ಅದರಲ್ಲಿಯೂ ಇಕಾರವೇ ಇದೆ. ಸಣ್ಣ ಎಂಬಲ್ಲಿ ಇಕಾರವಿಲ್ಲ. ಇಂಗ್ಲಿಷಿನ ಬಿಗ್ ಮತ್ತು ಸ್ಮಾಲ್ ಎಂಬ ಪದಗಳು ತನ್ನ ವಾದಕ್ಕೆ ಹೊಂದವೆಂದು ಯೆಸ್ಪರ್ಸನ್ನನೂ ಒಪ್ಪಿಕೊಂಡಿದ್ದನು. ಇದನ್ನು ನಿಯಮವೆನ್ನದೆ ಒಲವು ಎಂದರೆ ಸಾಕು.

7

ಇಷ್ಟರಮೇಲೆ ಕನ್ನಡದ ಅನುವಾದಕರು ಇಯೋಟವನ್ನು ಹೇಗೆ ತಂದರೆಂಬ ಪ್ರಶ್ನೆ ಏಳುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಬೈಬಲಿನಲ್ಲಿ ಈ ವಚನದ ಜೋಡಿಪದಗಳಿಗೆ ಬಂದಿರುವ ಸಮಾನಪದಗಳು ಸೊನ್ನೆ ಮತ್ತು ಗುಡುಸು. ಇವು ಸಾಮಾನ್ಯ ಆಯ್ಕೆಗಳಲ್ಲ. ಅನುವಾದಕರು ಇಲ್ಲಿ ಎಳ್ಳು ಸಾಸಿವೆಗಳನ್ನು ತರಬಹುದಾಗಿತ್ತು. ಅಕ್ಷರ ಎಂದು ಹೇಳಿ ಮುಗಿಸಬಹುದಾಗಿತ್ತು. ಹಾಗೆ ಮಾಡದೆ ಕನ್ನಡ ಲಿಪಿಯೊಳಗಿನ ಅತಿ ಚಿಕ್ಕ ಅಂಗಗಳನ್ನೇ ಹುಡುಕಿದರು.

ಹೀಬ್ರೂವಿನ ಯೋದ್ ಸ್ವತಂತ್ರ ಅಕ್ಷರ. ಕನ್ನಡದ ಸ್ವತಂತ್ರ ಅಕ್ಷರಗಳಲ್ಲಿ ಗಾತ್ರದಿಂದ ಎದ್ದು ಕಾಣುವಷ್ಟು ಸಣ್ಣದು ಯಾವುದೂ ಇಲ್ಲ. ಕನ್ನಡದಲ್ಲಿ ಸಣ್ಣತನವಿರುವುದು ತಲಕಟ್ಟು, ಗುಡಿಸು, ಕೊಂಬು, ಸೊನ್ನೆ ಮೊದಲಾದ ಆಶ್ರಿತ ಚಿಹ್ನೆಗಳಲ್ಲಿ. ಆದ್ದರಿಂದ ಇಯೋಟದ ಸ್ಥಾನಕ್ಕೆ ಸೊನ್ನೆಯೂ ಪುಟ್ಟ ಕೊಂಬಿನ ಸ್ಥಾನಕ್ಕೆ ಗುಡುಸೂ ಬಂದುವು. ಸ್ವಾರಸ್ಯವೇನೆಂದರೆ, ಗುಡುಸು ಅಥವಾ ಗುಡಿಸು ಎಂಬುದು ಇಕಾರದ ಚಿಹ್ನೆ. ಅಂದರೆ ಇಯೋಟದ ಧ್ವನಿಗೆ ಕನ್ನಡ ಲಿಪಿಯಲ್ಲಿರುವ ರೂಪವೇ ಅದು. ಗ್ರೀಕಿನ ಕೆರೈಯಕ್ಕೆ ಪುಟ್ಟ ಕೊಂಬು ಎಂಬರ್ಥವಿದೆ; ಕನ್ನಡದಲ್ಲಿ ಉಕಾರದ ಚಿಹ್ನೆಗೆ ಕೊಂಬು ಎಂಬ ಹೆಸರೇ ಇದೆ. ಧ್ವನಿಯನ್ನು ಹಿಡಿದು ಹೋಗಿದ್ದರೆ ಇಯೋಟಕ್ಕೆ ಗುಡಿಸೂ ಅರ್ಥವನ್ನು ಹಿಡಿದು ಹೋಗಿದ್ದರೆ ಕೆರೈಯಕ್ಕೆ ಕೊಂಬೂ ಒದಗುತ್ತಿದ್ದುವು. ಅನುವಾದಕರು ಗಾತ್ರವನ್ನು ಹಿಡಿದು ಹೋದರು. ಶಬ್ದನಿಷ್ಠೆಯನ್ನು ಬಿಟ್ಟು ಭಾವನಿಷ್ಠೆಯನ್ನು ಕಾಪಾಡಿದ ಈ ಆಯ್ಕೆ ಭಾಷಾಂತರದ ವಿದ್ಯಾರ್ಥಿಗಳು ಅಭ್ಯಾಸಮಾಡತಕ್ಕದ್ದಾಗಿದೆ.

ಗುಡಿಸಿನ ಶಕ್ತಿ ಎಷ್ಟೆಂಬುದಕ್ಕೆ ಕನ್ನಡದಲ್ಲಿ ಉದಾಹರಣೆಗಳು ಹೇರಳವಾಗಿವೆ. ಮರದ ತಲೆಯ ಮೇಲೆ ಅದು ಬಂದರೆ ಮರಿ. ನರನ ಕೊನೆಯಲ್ಲಿ ಬಂದರೆ ನರಿ. ಎಲ್ಲಕ್ಕಿಂತ ಮಿಗಿಲಾಗಿ, ಹರ ಎಂಬುದಕ್ಕೆ ಅದು ಸೇರಿದರೆ ಹರಿ. ಶೈವ ವೈಷ್ಣವಗಳೆಂಬ ಎರಡು ಮಹಾಪಂಥಗಳ ಆರಾಧ್ಯರ ಹೆಸರುಗಳ ನಡುವೆ ಬರವಣಿಗೆಯಲ್ಲಿ ಇರುವುದು ಒಂದು ಗುಡಿಸಿನ ಅಂತರ. ನೈಸೀಯದ ಕಥೆಯನ್ನು ಕೇಳಿದವರಿಗೆ ಈ ಅಂತರದ ಹಿಂದಿನ ಜಗಳಗಳು ನೆನಪಾಗದಿರವು. ಆದರೆ ತುಂಗಭದ್ರೆಯ ದಡದಲ್ಲಿ 1224ರ ಹೊತ್ತಿಗೆ ಹೊಯ್ಸಳರ ದಂಡನಾಯಕನಾದ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯವೂ ಅಲ್ಲಿಯೇ ಇದೆ. ಒಂದೇ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರ; ಊರಿನ ಒಂದೇ ಹೆಸರಿನಲ್ಲಿ ಗುಡಿಸು ಇರುವ ರೂಪವೂ ಇಲ್ಲದ ರೂಪವೂ ಜೊತೆಗೂಡಿ ನಿಂತಿವೆ. ಇಯೋಟವನ್ನು ಅಳಿಸಿ ಸಮನ್ವಯ ಸಾಧಿಸುವ ದಾರಿಯನ್ನು ಅಲ್ಲಿ ಹಿಡಿಯಲಿಲ್ಲ. ಎರಡನ್ನೂ ಉಳಿಸಿ ಸಾಧಿಸಲಾಯಿತು.

ಅಕ್ಷರವೊಂದರ ಮೇಲೆ ದರ್ಶನವೊಂದು ನಿಂತ ಉದಾಹರಣೆಯೂ ಕರ್ನಾಟಕದ್ದೇ ಇದೆ. ಛಾಂದೋಗ್ಯೋಪನಿಷತ್ತಿನಲ್ಲಿ ಆತ್ಮಾ ಎಂಬ ಪದದ ಮುಂದೆ ಬರುವ ಮಹಾವಾಕ್ಯವನ್ನು ಅದ್ವೈತಿಗಳು ತತ್ ತ್ವಂ ಅಸಿ ಎಂದು ಬಿಡಿಸಿದರೆ, ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಆತ್ಮಾ ಎಂಬುದರ ಕೊನೆಯ ದೀರ್ಘದಲ್ಲಿ ಒಂದು ಅಕಾರವು ಸಂಧಿಯಿಂದ ಅಡಗಿದೆಯೆಂದು ಕಂಡು ಅತತ್ ತ್ವಂ ಅಸಿ ಎಂದು ಬಿಡಿಸಿದರು. ನೈಸೀಯದಲ್ಲಿ ಇಯೋಟ ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ಅಕ್ಷರವು ಕಾಣದೆಯೇ ಅರ್ಥವನ್ನು ಇಬ್ಭಾಗಿಸಿತು. ವ್ಯಾಕರಣವು ದರ್ಶನದ ಬಾಗಿಲು ಎಂಬ ಮಾತು ಬರಿಯ ಅಲಂಕಾರವಲ್ಲ.

8

ಹೊರನಾಡಿನ ಕನ್ನಡಿಗರಿಗೆ ಈ ಚರ್ಚೆ ದೂರದ್ದೆನಿಸಬಾರದು. ಅಲ್ಪವನ್ನು ಹೇಳುವ ಪದಗಳು ಭಾಷೆಗಳ ಗಡಿಯನ್ನು ಸುಲಭವಾಗಿ ದಾಟುತ್ತವೆ. ಕನ್ನಡದ ಕೊಂಚ ಚೆನ್ನೈಯಲ್ಲಿ ಕೊಂಜಮಾಗಿ, ಹೈದರಾಬಾದಿನಲ್ಲಿ ಕೊಂಚೆಮಾಗಿ ಎದುರಾಗುವಾಗ ಅವು ಒಂದೇ ದ್ರಾವಿಡ ಮನೆತನದವೆಂದು ಯಾರಿಗಾದರೂ ಹೊಳೆಯುತ್ತದೆ. ಮುಂಬಯಿ, ಪುಣೆಗಳ ಮರಾಠಿಯಲ್ಲಿಯೂ ದೆಹಲಿಯ ಹಿಂದಿಯಲ್ಲಿಯೂ ಉತ್ತರ ಕರ್ನಾಟಕದ ಮನೆಮಾತಿನಲ್ಲಿಯೂ ದಿನಕ್ಕೆ ನೂರು ಸಲ ಕೇಳುವ ಜರಾ ಎಂಬ ಪದದ ಮೂಲ ಅರಬ್ಬಿಯ ಝರ್ರ. ಅದಕ್ಕೆ ಧೂಳಿನ ಕಣ, ಪುಟ್ಟ ಇರುವೆ ಎಂಬ ಅರ್ಥಗಳಿವೆ. ಇಂದಿನ ಅರಬ್ಬಿಯಲ್ಲಿ ಪರಮಾಣುವಿಗೂ ಅದೇ ಹೆಸರು. ಕಣದಷ್ಟು ಒಳಿತಿಗೂ ಕಣದಷ್ಟು ಕೆಡುಕಿಗೂ ಲೆಕ್ಕವುಂಟೆಂದು ಸಾರುವಾಗ ಕುರಾನಿನ 99ನೆಯ ಅಧ್ಯಾಯದಲ್ಲಿ ಬಂದಿರುವ ಪದವೂ ಅದೇ. ಜರಾ ನಿಲ್ರಿ ಎಂದು ಬಸ್ಸಿನಲ್ಲಿ ಕೂಗುವ ಧಾರವಾಡದ ಕಡೆಯವನು ಪಾರಸಿ, ಉರ್ದು, ಮರಾಠಿಗಳನ್ನು ದಾಟಿ ಬಂದ ಒಂದು ಪರಮಾಣುವನ್ನು ಬಾಯಲ್ಲಿಟ್ಟುಕೊಂಡಿರುತ್ತಾನೆ.

ಆದರೆ ಪದಗಳು ಗಡಿ ದಾಟಿ ಬದುಕಿದಂತೆ ಅಕ್ಷರದ ಸಣ್ಣ ಗುರುತುಗಳು ಬದುಕುವುದಿಲ್ಲ. ಭಾಷೆಯೊಂದು ತನ್ನ ನೆಲದಿಂದ ದೂರವಾದಾಗ ಮೊದಲು ಸವೆಯುವುದು ಅದರ ಸೂಕ್ಷ್ಮಗಳು. ಹೊರನಾಡಿನಲ್ಲಿ ಬೆಳೆಯುವ ಎಳೆಯರು ಮನೆಯವರೊಡನೆ ಕನ್ನಡವನ್ನಾಡಿಯೂ, ದೂರವಾಣಿಯ ಸಂದೇಶಗಳಲ್ಲಿ ಅದನ್ನು ರೋಮನ್ ಲಿಪಿಯಲ್ಲಿ ಬರೆಯುವುದು ಇಂದು ಸಾಮಾನ್ಯ. ಹಾಗೆ ಬರೆದಾಗ ಗೋಡೆಯ ಹಲ್ಲಿಗೂ ಅಜ್ಜಿಯಿರುವ ಹಳ್ಳಿಗೂ ವ್ಯತ್ಯಾಸ ಉಳಿಯುವುದಿಲ್ಲ. ಕಲೆಯೂ ಕಳೆಯೂ ಒಂದಾಗುತ್ತವೆ. ಸಂದರ್ಭ ತಿಳಿದವರಿಗೆ ಅರ್ಥವಾದೀತು, ನಿಜ. ಮನೆಯೊಳಗಿನ ಮಾತಿಗೆ ಅಷ್ಟು ಸಾಕು. ಆದರೆ ಸಂದರ್ಭ ತಿಳಿಯದ ನಾಳಿನ ಓದುಗನಿಗೆ ಆಧಾರವಾಗುವುದು ಬರೆದ ಅಕ್ಷರ ಮಾತ್ರ. ಹಳೆಯ ಶಾಸನಗಳಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬೇರೆ ಬೇರೆ ಗುರುತುಗಳಿಲ್ಲದೆ ಸಂಪಾದಕರು ಪಟ್ಟ ಶ್ರಮವನ್ನು ಬಲ್ಲವರು ಈ ಸವೆತವನ್ನು ಹಗುರವಾಗಿ ಕಾಣಲಾರರು.

ಹಾಗೆಂದು ಗೋರ್ಡನ್‌ನ ಕಾವ್ಯದ ಧರ್ಮಾಧಿಕಾರಿಯಂತೆ ತಪ್ಪಿದ ಒಂದು ಅಕ್ಷರಕ್ಕಾಗಿ ಬಾಗಿಲು ಮುಚ್ಚುವುದೂ ಸಲ್ಲದು. ಅಕಾರ ಹಕಾರಗಳನ್ನು ಅದಲುಬದಲಾಗಿ ಉಚ್ಚರಿಸಿದ, ಗುಡಿಸಿನ ದೀರ್ಘವನ್ನು ಮರೆತ ವಿದ್ಯಾರ್ಥಿಯನ್ನು ಕನ್ನಡದಿಂದ ಹೊರಗಿಟ್ಟರೆ ಉಳಿದ ಶುದ್ಧಿಯಿಂದ ಪ್ರಯೋಜನವಿಲ್ಲ. ಹೊರನಾಡಿನ ಕನ್ನಡ ತರಗತಿಗೆ ಬರುವವನು ಎಷ್ಟೋ ಸಲ ಮನೆಯಲ್ಲಿ ಕೇಳಿ ಕಲಿತ ಮಾತನ್ನಷ್ಟೇ ತಂದಿರುತ್ತಾನೆ. ಅಕ್ಷರವನ್ನು ಇಲ್ಲಿಯೇ ಕಲಿಯುತ್ತಾನೆ. ಸಾರಯಳ ಹೆಸರಿನಿಂದ ಹೊರಬಿದ್ದ ಯೋದ್‌ಗೆ ಇನ್ನೊಂದು ಹೆಸರಿನಲ್ಲಿ ನೆಲೆ ದೊರಕಿಸಿದ ಕಥೆಯ ದೇವರು ಅಧ್ಯಾಪಕನಿಗೆ ಇಲ್ಲಿ ಒಳ್ಳೆಯ ಮಾದರಿ. ತಪ್ಪನ್ನು ತಪ್ಪೆಂದು ಗುರುತಿಸಬೇಕು, ತಪ್ಪಿದವನನ್ನು ಉಳಿಸಿಕೊಳ್ಳಬೇಕು.

ವಿಶ್ವವಿದ್ಯಾಲಯದ ಕನ್ನಡ ವಿಭಾಗವೊಂದು ನಾಡಿನಿಂದ ದೂರದಲ್ಲಿ ಹಲವು ವರ್ಷ ನಡೆಸುವ ಕೆಲಸವನ್ನು ಹೊರಗಿನಿಂದ ನೋಡಿದರೆ ಅದು ಅಲ್ಪವೆಂದೇ ತೋರುತ್ತದೆ. ವರ್ಷಕ್ಕೆ ಬೆರಳೆಣಿಕೆಯ ವಿದ್ಯಾರ್ಥಿಗಳು, ಒಂದೆರಡು ಸಂಶೋಧನ ಪ್ರಬಂಧಗಳು, ಕೆಲವು ಗ್ರಂಥಗಳ ಪ್ರಕಟಣೆ. ದೊಡ್ಡ ನಗರದ ಲೆಕ್ಕದಲ್ಲಿ ಇದು ಒಂದು ಗುಡಿಸಿನಷ್ಟು. ಆದರೆ ಒಂದು ಗುಡಿಸು ಎಷ್ಟೆಂಬುದನ್ನು ಈ ಶಬ್ದದ ಚರಿತ್ರೆ ಹೇಳಿದೆ. ಅಂತಹ ವಿಭಾಗದಲ್ಲಿ ಓದಿದವರು ತಮ್ಮ ಮಕ್ಕಳಿಗೆ ಹರ ಎಂದು ಬರೆದು, ಅದರ ಮೇಲೆ ಗುಡಿಸೆಳೆದು ಹರಿ ಎಂದು ಓದಿಸಿದರೆ, ಕನ್ನಡದ ಮಟ್ಟಿಗೆ ಆ ಸುರುಳಿಯಿಂದ ಅಕ್ಷರವಾವುದೂ ಬಿಟ್ಟುಹೋಗಲಿಲ್ಲವೆಂದೇ ತಿಳಿಯಬೇಕು.